ಮೂತ್ರಕೋಶದೊಳಗೆ ಬಿಲ್ಲುಬೈರಿಗೆ: ಕಲ್ಲು ಕೊರೆದ ಕೈಯುಪಕರಣಗಳ ಚರಿತ್ರೆ

1824ರ ಜನವರಿ 13ರಂದು ಪ್ಯಾರಿಸ್ಸಿನಲ್ಲಿ ಜಾಂ ಸಿವಿಯಾಲ್ ಎಂಬ ಮೂವತ್ತೊಂದು ವರ್ಷದ ವೈದ್ಯ, ವಿಜ್ಞಾನ ಅಕಾಡೆಮಿ ನೇಮಿಸಿದ್ದ ಶೋಸಿಯೆ ಮತ್ತು ಪೆರ್ಸಿ ಎಂಬ ಇಬ್ಬರು ಹಿರಿಯರ ಕಣ್ಣೆದುರಿನಲ್ಲೇ ಒಬ್ಬ ರೋಗಿಯ ಮೂತ್ರಕೋಶದ ಕಲ್ಲನ್ನು ಪುಡಿಮಾಡಲು ತೊಡಗಿದ. ಮೈಯ ಮೇಲೆ ಎಲ್ಲಿಯೂ ಕತ್ತಿ ತಾಗಲಿಲ್ಲ. ಮೂತ್ರನಾಳದ ಮೂಲಕ ಒಂದು ನೇರ ಕೊಳವೆ ಒಳಗೆ ಹೋಗಿತ್ತು. ಅದರೊಳಗೆ ಒಂದು ಬೈರಿಗೆ. ಹೊರಗಿದ್ದ ಬೈರಿಗೆಯ ತುದಿಗೆ ಪುಟ್ಟ ರಾಟೆ, ರಾಟೆಗೆ ಸುತ್ತಿದ ಹೆದೆ, ಹೆದೆ ಕಟ್ಟಿದ ಬಿಲ್ಲು. ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಗಳ ಹಳೆಯ ಕೈಚರಕಿಯನ್ನು ನೋಡಿದವರಿಗೆ ಆ ಚಲನೆಯನ್ನು ವಿವರಿಸಬೇಕಾಗಿಲ್ಲ: ಕಮಾನು ಆಚೆ ಹೋದಾಗ ಒಂದು ದಿಕ್ಕಿಗೆ ಸುತ್ತು, ಈಚೆ ಬಂದಾಗ ಮತ್ತೊಂದು ದಿಕ್ಕಿಗೆ. ಕೆಲಸ ನಡೆಯುತ್ತಿದ್ದ ಜಾಗ ಮಾತ್ರ ಬದುಕಿರುವ, ಎಚ್ಚರವಾಗಿರುವ ಮನುಷ್ಯನ ಒಡಲು. ಈಥರ್ ಅರಿವಳಿಕೆ ಬರಲು ಇನ್ನೂ ಇಪ್ಪತ್ತೆರಡು ವರ್ಷ ಕಾಯಬೇಕಿತ್ತು.

ದೇಹದೊಳಗೆ ಕೈಬಲದಿಂದ ತಿರುಗುವ ಉಪಕರಣಗಳ ಚರಿತ್ರೆಯನ್ನು ಸಾಮಾನ್ಯವಾಗಿ ಮೊನೆಯ ಚರಿತ್ರೆಯಾಗಿ ಬರೆಯುತ್ತಾರೆ. ಮೊನೆ ಎಷ್ಟು ಹರಿತವಾಯಿತು, ಉಕ್ಕು ಎಷ್ಟು ಗಟ್ಟಿಯಾಯಿತು ಎಂಬ ಲೆಕ್ಕ ಅದು. ಆಕರಗಳನ್ನು ಕಾಲಾನುಕ್ರಮದಲ್ಲಿ ಓದಿದರೆ ನನಗೆ ಕಾಣುವ ಚಿತ್ರ ಬೇರೆ. ತಿರುಗಿಸುವುದು ಯಾವ ಕಾಲದಲ್ಲೂ ಅಷ್ಟು ಕಷ್ಟದ ಕೆಲಸವಾಗಿರಲಿಲ್ಲ. ಬಡಗಿಗೂ ಗಡಿಯಾರದವನಿಗೂ ಅದು ಗೊತ್ತಿತ್ತು. ಕಷ್ಟವಿದ್ದದ್ದು ತಿರುಗಬಾರದ್ದನ್ನು ಅಲುಗದಂತೆ ಹಿಡಿದಿಡುವುದರಲ್ಲಿ. ಕಲ್ಲಿಗೆ ಸಂಬಂಧಿಸಿದ ಪ್ರತಿಯೊಂದು ಹೊಸ ಹೆಜ್ಜೆಯೂ ಈ ಹಿಡಿತದ ಪ್ರಶ್ನೆಗೆ ಕೊಟ್ಟ ಉತ್ತರ.

ತಲೆಬುರುಡೆಯನ್ನು ಕೊರೆಯುವ ಪದ್ಧತಿ ಇದಕ್ಕಿಂತ ಬಹಳ ಹಳೆಯದು. ಕಾಶ್ಮೀರದ ಬುರ್ಝಹೋಮ್‌ನ ನವಶಿಲಾಯುಗದ ನೆಲೆಯಲ್ಲಿ ಹಲವು ತೂತುಗಳಿರುವ ಬುರುಡೆ ಸಿಕ್ಕಿದೆ. ಕೊರೆಯುವಾಗ ಮೊನೆ ಕಾಯುವುದರಿಂದ ಅದನ್ನು ಆಗಾಗ ತೆಗೆದು ತಣ್ಣೀರಿಗೆ ಅದ್ದಬೇಕೆಂದು ತಲೆಗಾಯಗಳ ಬಗೆಗಿನ ಹಿಪೊಕ್ರಟಿಸ್ ಪರಂಪರೆಯ ಗ್ರಂಥ ಹೇಳುತ್ತದೆ. ಮೊನೆ ಸರ್ರನೆ ಮಿದುಳಿಗೆ ಇಳಿಯದಂತೆ ತಡೆಯಲು ಸುತ್ತಲೂ ಅಂಚುಪಟ್ಟಿ ಇರುವ ಬೈರಿಗೆಯನ್ನು ಗೇಲನ್ ಬಲ್ಲ. ಆದರೆ ಅಲ್ಲಿ ಎಲುಬು ಕಣ್ಣೆದುರಿಗಿರುತ್ತದೆ, ತಲೆಯನ್ನು ಸಹಾಯಕರು ಹಿಡಿದುಕೊಳ್ಳಬಹುದು. ಮೂತ್ರಕೋಶದ ಕಲ್ಲು ಕಾಣುವುದಿಲ್ಲ, ಹಿಡಿತಕ್ಕೆ ಸಿಗುವುದಿಲ್ಲ, ನೀರಿನಲ್ಲಿ ಉರುಳಾಡುತ್ತದೆ. ಆದ್ದರಿಂದ ಬುರುಡೆಯ ಕಥೆಯನ್ನು ಇಲ್ಲಿಗೇ ಬಿಡುತ್ತೇನೆ.

ಮೂತ್ರಕೋಶದ ಕಲ್ಲನ್ನು ಒಡೆಯಬೇಕೆಂಬ ಆಸೆಯೇ ಮೊದಮೊದಲು ವೈದ್ಯರಿಗೆ ಇರಲಿಲ್ಲ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನ ಅಶ್ಮರಿಯನ್ನು ಕೊಯ್ದು ತೆಗೆಯುವ ಕ್ರಮವನ್ನು ವಿವರವಾಗಿ ಹೇಳುತ್ತದೆ, ಜೊತೆಗೆ ಕಲ್ಲು ಒಡೆಯದಂತೆ ಪೂರ್ತಿಯಾಗಿ ತೆಗೆಯಬೇಕೆಂದು ಎಚ್ಚರಿಸುತ್ತದೆ. ಚೂರು ಉಳಿದರೆ ಅದೇ ಮತ್ತೆ ಬೆಳೆಯುತ್ತದೆ ಎಂಬುದು ಕಾರಣ. ಈ ಎಚ್ಚರಿಕೆ ಸುಳ್ಳಾಗಲಿಲ್ಲ. ಮುಂದೆ ಹತ್ತೊಂಬತ್ತನೆಯ ಶತಮಾನದ ಯುರೋಪು ಅದನ್ನು ಅನುಭವದಿಂದಲೇ ಕಲಿಯಬೇಕಾಯಿತು. ಅಲೆಕ್ಸಾಂಡ್ರಿಯಾದ ಅಮೋನಿಯಸ್, ಕೊಯ್ದ ಗಾಯದಿಂದ ಹೊರಬಾರದಷ್ಟು ದೊಡ್ಡ ಕಲ್ಲನ್ನು ಒಡೆಯುತ್ತಿದ್ದನೆಂದು ರೋಮಿನ ಸೆಲ್ಸಸ್ ದಾಖಲಿಸಿದ್ದಾನೆ. ಅವನು ಮೊದಲು ಕೊಕ್ಕೆಯಿಂದ ಕಲ್ಲು ಹಿಂದಕ್ಕೆ ಜಾರದಂತೆ ಹಿಡಿಯುತ್ತಿದ್ದ, ಆಮೇಲೆ ಇನ್ನೊಂದು ಉಪಕರಣವನ್ನು ಅದಕ್ಕೆ ಒತ್ತಿಟ್ಟು ಹೊಡೆಯುತ್ತಿದ್ದ.

ಸುತ್ತುವ ಮೊನೆ ಮೂತ್ರದ ದಾರಿಯಲ್ಲಿ ಮೊದಲು ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಕೊರ್ಡೋಬಾದ ಅಲ್ ಜಹ್ರಾವಿಯ ಅರಬ್ಬೀ ಗ್ರಂಥದಲ್ಲಿ. ಹತ್ತನೆಯ ಶತಮಾನದ ಕೊನೆ, ಹನ್ನೊಂದರ ಆರಂಭದ ಕಾಲ. ಅವನ ‘ಮಿಶ್‌ಅಬ್’ ತೀರ ಸರಳ ಸಾಧನ: ಮರದ ಹಿಡಿಯಲ್ಲಿ ಕೂರಿಸಿದ ಉಕ್ಕಿನ ಕಡ್ಡಿ, ತುದಿ ಮುಮ್ಮೂಲೆಯ ಮೊನೆ. ಮೂತ್ರನಾಳದಲ್ಲಿ ಸಿಕ್ಕಿಕೊಂಡ ಕಲ್ಲಿಗೆ ಇದನ್ನು ತಾಗಿಸಿ, ಬೆರಳುಗಳಿಂದ ನಿಧಾನವಾಗಿ ತಿರುಗಿಸುತ್ತ ಆಚೆಬದಿಗೆ ತೂತು ಬೀಳುವವರೆಗೆ ಕೊರೆಯಬೇಕು. ತೂತು ಬಿದ್ದರೆ ಮೂತ್ರ ಹರಿಯುತ್ತದೆ. ಆಮೇಲೆ ಹೊರಗಿನಿಂದ ಕೈಯಲ್ಲೇ ಅದುಮಿದರೆ ಟೊಳ್ಳಾದ ಕಲ್ಲು ಪುಡಿಯಾಗುತ್ತದೆ. ಇದೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ: ಕಲ್ಲಿನ ಹಿಂಬದಿಗೆ ಶಿಶ್ನದ ಸುತ್ತ ದಾರ ಕಟ್ಟಬೇಕು, ಇಲ್ಲದಿದ್ದರೆ ಮೊನೆಯ ಒತ್ತಡಕ್ಕೆ ಕಲ್ಲು ಮೂತ್ರಕೋಶಕ್ಕೆ ಜಾರಿಬಿಡುತ್ತದೆ. ಒಂದು ಎಳೆ ದಾರವೇ ಅವನ ಇಕ್ಕಳ. ಮೂತ್ರಕೋಶದೊಳಗೆ ದಾರ ಕಟ್ಟಲು ಬರುವುದಿಲ್ಲವಾದ್ದರಿಂದ ವಿದ್ಯೆ ಅಲ್ಲಿಗೇ ನಿಂತಿತು, ನಿಂತದ್ದು ಸುಮಾರು ಎಂಟು ಶತಮಾನ.

ಈ ನಡುವಿನ ಅವಧಿಯಲ್ಲಿ ಬರುವ ವಿಚಿತ್ರ ವ್ಯಕ್ತಿ ಲಖ್ನೋದ ಕ್ಲಾಡ್ ಮಾರ್ಟಿನ್. 1735ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಸೇನೆ ಸೇರಿ, ಅವಧದ ನವಾಬರ ಆಶ್ರಯದಲ್ಲಿ ಅಪಾರ ಹಣ ಮಾಡಿದವನು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್‌ನ ಜೊತೆ ಟಿಪ್ಪುವಿನ ವಿರುದ್ಧ ಬಂದಿದ್ದ. ಅವನು ಎರಕ ಹೊಯ್ಸಿದ, ಕಾರ್ನ್‌ವಾಲಿಸ್‌ನ ಹೆಸರು ಹೊತ್ತ ಫಿರಂಗಿ 1792ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಗುಂಡು ಹಾರಿಸಿದೆ. ಇಷ್ಟು ಲೋಹಜ್ಞಾನ ಇದ್ದವನು 1782ರ ಸುಮಾರಿಗೆ ತನ್ನದೇ ಮೂತ್ರಕೋಶದ ಕಲ್ಲಿನ ಮೇಲೆ ಕೈಮಾಡಿದ. ಸಣ್ಣ ಉಕ್ಕಿನ ಕಡ್ಡಿಯ ತುದಿಗೆ ಅರದ ಹಲ್ಲು ಮೂಡಿಸಿ, ತಾನೇ ಒಳಗೆ ತೂರಿಸಿ, ದಿನವೂ ಹಲವು ಬಾರಿಯಂತೆ ತಿಂಗಳುಗಟ್ಟಲೆ ಉಜ್ಜಿ ಕಲ್ಲನ್ನು ಸವೆಸಿದ. ಅವನದ್ದು ತಿರುಗುವ ಉಪಕರಣವಲ್ಲ, ಹಿಂದೆ ಮುಂದೆ ಎಳೆಯುವ ಅರ. ಕಲ್ಲನ್ನು ಹಿಡಿಯುವ ಸಾಧನವೂ ಇರಲಿಲ್ಲ, ಮೈಯನ್ನು ಬೇಕಾದಂತೆ ಬಾಗಿಸಿ ಕಲ್ಲನ್ನು ಮೂತ್ರಕೋಶದ ಬಾಯಿಗೆ ತಂದುಕೊಳ್ಳುತ್ತಿದ್ದ. ನೋವು ಎಲ್ಲಿ ಶುರುವಾಗುತ್ತದೆಂದು ಅವನಿಗೇ ಗೊತ್ತಾಗುತ್ತಿದ್ದುದರಿಂದ ಗೋಡೆ ಹರಿಯಲಿಲ್ಲ ಎಂದು ಊಹಿಸಬಹುದು. ಬೇರೊಬ್ಬರ ಮೇಲೆ ಪ್ರಯೋಗಿಸಲಾಗದ ವಿಧಾನ ಇದು. ಹಾಗಿದ್ದರೂ ಕೊಯ್ಯದೆ ಕಲ್ಲನ್ನು ಸವೆಸಬಹುದು ಎಂಬುದಕ್ಕೆ ಬದುಕಿರುವ ಪುರಾವೆಯಾಗಿ ಈ ಸುದ್ದಿ ಯುರೋಪಿಗೆ ತಲುಪಿತು.

ನೇರವಾದ ಕೊಳವೆ, ಒಳಗೆ ಹಿಡಿಯುವ ತಂತಿ, ಬಿಲ್ಲಿನಿಂದ ತಿರುಗುವ ಕೊರಕ: ಈ ಮೂರನ್ನೂ ಒಟ್ಟಿಗೆ ಮೊದಲು ಕಲ್ಪಿಸಿದವನು ಬವೇರಿಯಾದ ಫ್ರಾಂಟ್ಸ್ ಫಾನ್ ಪೌಲಾ ಗ್ರುಯಿಟ್‌ಹ್ಯೂಸನ್. 1813ರಲ್ಲಿ ಅದನ್ನು ಪ್ರಕಟಿಸಿದ. ಗಂಡಸಿನ ಮೂತ್ರನಾಳ ಬಾಗಿದೆ, ಬಾಗಿದ ಸಲಾಕೆಯೇ ಬೇಕು ಎಂಬುದು ಅಂದಿನ ನಂಬಿಕೆ. ನೇರ ಕೊಳವೆಯೂ ಹೋಗುತ್ತದೆ ಎಂದು ಅವನು ತೋರಿಸಿದ. ಬಾಗಿದ ಕೊಳವೆಯೊಳಗೆ ಗಟ್ಟಿ ಬೈರಿಗೆ ಸುತ್ತಲಾರದು, ಆದ್ದರಿಂದ ಮಿಕ್ಕೆಲ್ಲವೂ ಈ ಒಂದು ಅಂಶದ ಮೇಲೆ ನಿಂತಿತ್ತು. ಆದರೆ ಅವನು ಬದುಕಿರುವ ರೋಗಿಯ ಮೇಲೆ ಆ ಕೊರಕವನ್ನು ಬಳಸಲೇ ಇಲ್ಲ. ಕೆಲವು ವರ್ಷಗಳ ಬಳಿಕ ಖಗೋಳದ ಕಡೆ ಹೊರಳಿ, ಚಂದ್ರನ ಮೇಲೆ ಕೋಟೆಗೋಡೆಗಳಿರುವ ನಗರವನ್ನು ಕಂಡೆನೆಂದು ಸಾರಿದ. ಚಂದ್ರನ ನಗರದ ನಗೆಪಾಟಲಿನಲ್ಲಿ ಅವನ ನೇರ ಕೊಳವೆಗೆ ಸಲ್ಲಬೇಕಾದ ಮನ್ನಣೆಯೂ ಮಸುಕಾಯಿತು ಎಂದೇ ನನ್ನ ಅನಿಸಿಕೆ.

ಸಿವಿಯಾಲ್ ಫ್ರಾನ್ಸಿನ ಓವೆರ್ನ್ ಸೀಮೆಯ ಹಳ್ಳಿಯವನು, ಪ್ಯಾರಿಸ್ಸಿನಲ್ಲಿ ಶಸ್ತ್ರವೈದ್ಯ ದ್ಯುಪುಯಿಟ್ರೆನ್ ಬಳಿ ಕಲಿತವನು. ಮೊದಲು ಅವನಿಗಿದ್ದ ಯೋಚನೆ ಕಲ್ಲನ್ನು ರಾಸಾಯನಿಕಗಳಲ್ಲಿ ಕರಗಿಸುವುದು. ಅದಕ್ಕಾಗಿ ಕಲ್ಲನ್ನು ಹಿಡಿದಿಡುವ ಸಾಧನ ಬೇಕಾಯಿತು. ಹಿಡಿಯುವುದು ಕೈಗೂಡಿದ ಮೇಲೆ ಕರಗಿಸುವ ಹಂಗೇ ಇಲ್ಲ, ಕೊರೆದರಾಯಿತು ಎಂದು ಹೊಳೆಯಿತು. ಉಪಕರಣದಲ್ಲಿ ಮೂರು ಪದರ. ಹೊರಗೆ ಬೆಳ್ಳಿಯ ಕೊಳವೆ. ಅದರೊಳಗೆ ಉಕ್ಕಿನ ಕೊಳವೆ, ಇದರ ತುದಿ ಸ್ಪ್ರಿಂಗಿನಂತೆ ಬಿಚ್ಚಿಕೊಳ್ಳುವ ಮೂರು ಕವಲು, ಪ್ರತಿ ಕವಲಿಗೂ ಒಳಬಾಗಿದ ಕೊಕ್ಕೆ. ನಟ್ಟನಡುವೆ ಹಲ್ಲು ಕೂರಿಸಿದ ತಲೆಯುಳ್ಳ ಕೊರಕ. ಮೂತ್ರಕೋಶದಲ್ಲಿ ದ್ರವ ತುಂಬಿಸಿ ಉಪಕರಣವನ್ನು ಒಳಗಿಟ್ಟು ಹೊರಕೊಳವೆಯನ್ನು ಹಿಂದಕ್ಕೆ ಎಳೆದರೆ ಕವಲುಗಳು ಅರಳುತ್ತವೆ. ಕಲ್ಲು ನಡುವೆ ಬಂತೆಂದು ಕೈಗೆ ತಿಳಿದ ಕೂಡಲೇ ಕೊಳವೆಯನ್ನು ಮುಂದಕ್ಕೆ ನೂಕಿದರೆ ಮುಚ್ಚಿಕೊಂಡು ಬಿಗಿಯುತ್ತವೆ. ತಿರುಪು ಹಾಕಿ ಭದ್ರಪಡಿಸಿ, ಹೊರತುದಿಯನ್ನು ಚೌಕಟ್ಟಿಗೆ ಕೂರಿಸಿ, ಹೆದೆಯನ್ನು ರಾಟೆಗೆ ಸುತ್ತಿ ಬಿಲ್ಲನ್ನು ಎಳೆಯಬೇಕು. ಕೊರಕವನ್ನು ಕಲ್ಲಿನ ಮೇಲೆ ಒತ್ತಿಹಿಡಿಯಲು ಹಿಂದೆ ಒಂದು ಸ್ಪ್ರಿಂಗ್. ಕವಲುಗಳ ಪಂಜರದೊಳಗೇ ಮೊನೆ ಸುತ್ತುವುದರಿಂದ ಮೂತ್ರಕೋಶದ ಗೋಡೆಗೆ ಅದು ತಾಗುವುದಿಲ್ಲ. ಸುತ್ತುವುದು ಒಂದೇ, ನಿಶ್ಚಲವಾಗಿ ನಿಲ್ಲಬೇಕಾದವು ಎರಡು ಕೊಳವೆ ಮತ್ತು ಕಲ್ಲು.

ಹಿಡಿಗಾಲಿ ಬಿಟ್ಟು ಬಿಲ್ಲನ್ನೇ ಏಕೆ ಆರಿಸಿದರು? ಗಡಿಯಾರ ರಿಪೇರಿಯವರ ಮೇಜಿನ ಮೇಲೆ ಆಗಲೇ ಅದು ಸಿದ್ಧವಾಗಿತ್ತು ಎಂಬುದು ಒಂದು ಉತ್ತರ. ಯಾಂತ್ರಿಕ ಕಾರಣವೂ ಇದೆ. ಬಿಲ್ಲು ಹೋಗಿಬರುವಾಗ ದಿಕ್ಕು ಬದಲಾಗುತ್ತಲೇ ಇರುವುದರಿಂದ ಕಲ್ಲನ್ನು ಒಂದೇ ಕಡೆಗೆ ತಿರುಚುವ ಬಲ ಕೂಡಿಕೊಳ್ಳುವುದಿಲ್ಲ, ಕೊಕ್ಕೆಗಳ ಹಿಡಿತ ಸಡಿಲವಾಗುವುದು ಕಡಿಮೆ. ಹಿಡಿಗಾಲಿಯ ತೂಕ ಮತ್ತು ಅದರ ವಾಲಾಟ ನೇರವಾಗಿ ಮೂತ್ರನಾಳಕ್ಕೆ ತಾಗುತ್ತಿದ್ದವು.

ಆದರೂ ಇದು ಬೇಗ ಮುಗಿಯುವ ಕೆಲಸವಾಗಿರಲಿಲ್ಲ. ಕೊರಕ ಒಮ್ಮೆಗೆ ಒಂದು ತೂತು ಮಾಡುತ್ತದೆ, ಅಷ್ಟೆ. ಬಿಟ್ಟು, ಕಲ್ಲನ್ನು ಹೊರಳಿಸಿ, ಮತ್ತೆ ಹಿಡಿದು ಇನ್ನೊಂದು ತೂತು ಕೊರೆಯಬೇಕು. ರೋಗಿ ತಾಳುವುದು ಕೆಲವೇ ನಿಮಿಷ. ಉಳಿದದ್ದು ಇನ್ನೊಂದು ದಿನಕ್ಕೆ. ಚೂರುಗಳು ಮೂತ್ರದ ಜೊತೆ ತಾವಾಗಿಯೇ ಹೊರಬೀಳಬೇಕಿತ್ತು, ಬೀಳುವಾಗ ನಾಳದಲ್ಲಿ ಸಿಕ್ಕಿಕೊಳ್ಳುವುದೂ ಇತ್ತು. ಇಷ್ಟಾಗಿಯೂ ಕತ್ತಿಗಿಂತ ಇದು ಎಷ್ಟೋ ಮೇಲು ಎಂದು ಸಿವಿಯಾಲ್ ಅಂಕಿಗಳನ್ನು ಕಲೆಹಾಕಿ 1835ರಲ್ಲಿ ಅಕಾಡೆಮಿಯ ಮುಂದಿಟ್ಟ. ಅವನ ಲೆಕ್ಕದಂತೆ ಕೊಯ್ದು ಕಲ್ಲು ತೆಗೆಸಿಕೊಂಡವರಲ್ಲಿ ಹೆಚ್ಚುಕಡಿಮೆ ಐವರಿಗೊಬ್ಬರು ಸಾಯುತ್ತಿದ್ದರು, ಒಡೆಸಿಕೊಂಡವರಲ್ಲಿ ನೂರಕ್ಕೆ ಎರಡು ಮೂರು ಮಂದಿ. ಗಣಿತಜ್ಞ ಪ್ವಾಸೋನ್ ಸೇರಿದಂತೆ ನಾಲ್ವರ ಸಮಿತಿ ಅದನ್ನು ಪರಿಶೀಲಿಸಿ, ವೈದ್ಯನೆದುರು ಇರುವುದು ಒಬ್ಬೊಬ್ಬ ರೋಗಿಯೇ ಹೊರತು ರಾಶಿಯಲ್ಲ ಎಂಬ ಆಕ್ಷೇಪವನ್ನು ಎತ್ತಿತು. ಸಿವಿಯಾಲ್‌ನ ಲೆಕ್ಕದಲ್ಲಿ ಇನ್ನೂ ದೊಡ್ಡ ದೋಷವಿತ್ತು: ಕಲ್ಲು ಚಿಕ್ಕದಾಗಿದ್ದು ಮೈ ಗಟ್ಟಿಯಾಗಿದ್ದವರನ್ನೇ ಕೊರೆಯಲು ಆರಿಸಿಕೊಳ್ಳುತ್ತಿದ್ದರೆ ಸಾವು ಕಡಿಮೆಯಾಗುವುದು ಸಹಜ. ಹಾಗೆಂದು ಅದನ್ನು ತಳ್ಳಿಹಾಕುವಂತಿಲ್ಲ. ಎರಡು ಚಿಕಿತ್ಸೆಗಳನ್ನು ಎಣಿಕೆಯಿಂದ ಹೋಲಿಸುವ ವಾದ ವೈದ್ಯಕೀಯದಲ್ಲಿ ಗಂಭೀರವಾಗಿ ಎದ್ದ ಮೊದಲ ಸಂದರ್ಭಗಳಲ್ಲಿ ಇದೊಂದು, ಅದಕ್ಕೆ ನೆಪ ಒಂದು ಬಿಲ್ಲುಬೈರಿಗೆ.

ಯಾರು ಮೊದಲು ಎಂಬ ಜಗಳವೂ ಜೋರಾಗಿತ್ತು. ಲೆರ್ವಾ ದೆತ್ಯೋಲ್ 1822ರಲ್ಲೇ ಗಡಿಯಾರದ ಸ್ಪ್ರಿಂಗುಗಳಿಂದ ಕಲ್ಲು ಹಿಡಿಯುವ ಸಾಧನ ತೋರಿಸಿದ್ದ. ಅಮ್ಯುಸ್ಸಾ ನೇರ ಕೊಳವೆ ತನ್ನದೆಂದ. ಆ ಕಿತ್ತಾಟದ ವಿವರ ಈಗ ಯಾರಿಗೂ ಬೇಡ.

ಬಿಲ್ಲಿನ ಆಳ್ವಿಕೆ ಹತ್ತು ವರ್ಷವೂ ಭದ್ರವಾಗಿ ನಡೆಯಲಿಲ್ಲ. 1832ರಲ್ಲಿ ಬ್ಯಾರನ್ ಯೂರ್ಟೆಲೂ ತುದಿ ಬಾಗಿದ, ಒಂದರ ಮೇಲೊಂದು ಜಾರುವ ಎರಡು ದವಡೆಗಳ ಉಪಕರಣ ತಂದ. ಕಲ್ಲನ್ನು ದವಡೆಗಳ ನಡುವೆ ಕಚ್ಚಿಸಿ ಹೊರತುದಿಗೆ ಸುತ್ತಿಗೆಯಿಂದ ಹೊಡೆಯುವುದು ಅವನ ಕ್ರಮ. ಬೇಗನೆ ಸುತ್ತಿಗೆಯ ಬದಲು ತಿರುಪು ಬಂತು. ನನ್ನ ವಾದಕ್ಕೆ ಇದೇ ಮುಖ್ಯ ತಿರುವು: ಸುತ್ತುವ ಕ್ರಿಯೆ ನಿಂತುಹೋಗಲಿಲ್ಲ, ದೇಹದಿಂದ ಹೊರಗೆ ಬಂತು. ಶಸ್ತ್ರವೈದ್ಯ ಹೊರಗೆ ಗಾಲಿಯನ್ನು ತಿರುಗಿಸುತ್ತಾನೆ, ಒಳಗೆ ದವಡೆ ನೇರವಾಗಿ ಮುಚ್ಚಿಕೊಳ್ಳುತ್ತದೆ. ಹಿಡಿಯುವುದೂ ಒಡೆಯುವುದೂ ಒಂದೇ ಅಂಗದ ಕೆಲಸವಾಯಿತು. ಪ್ಯಾರಿಸ್ಸಿನ ಶಾರಿಯೇರ್, ಲಂಡನ್ನಿನ ವೈಸ್ ಕಾರ್ಖಾನೆಗಳು ಇಂಥವನ್ನು ಬಗೆಬಗೆಯಾಗಿ ತಯಾರಿಸಿದವು. ಶಾರಿಯೇರ್ ರೂಪಿಸಿದ ಅಳತೆ ಇಂದಿಗೂ ನಮ್ಮ ನಡುವೆ ಇದೆ: ಆಸ್ಪತ್ರೆಯ ಮುಂದಿನ ಮೆಡಿಕಲ್ ಸ್ಟೋರಿನಲ್ಲಿ ‘ಹದಿನಾರು ಫ್ರೆಂಚ್’ ಕ್ಯಾಥೆಟರ್ ಕೇಳಿದರೆ, ಒಂದು ಮಿಲಿಮೀಟರಿಗೆ ಮೂರರಂತೆ, ಐದು ಮಿಲಿಮೀಟರಿಗಿಂತ ತುಸು ದಪ್ಪದ ಕೊಳವೆ ಕೈಗೆ ಬರುತ್ತದೆ.

ಲಂಡನ್ನಿನ ಹೆನ್ರಿ ಥಾಂಪ್ಸನ್ ಹಿಡಿಕೆಯನ್ನು ಉರುಳೆಯಾಕಾರಕ್ಕೆ ತಂದು, ಬೆರಳುಗಳಲ್ಲೇ ಕಲ್ಲಿನ ಮಿಸುಕಾಟ ತಿಳಿಯುವಂತೆ ಮಾಡಿದ. ಬೆಲ್ಜಿಯಂನ ದೊರೆ ಮೊದಲನೆಯ ಲಿಯೋಪೋಲ್ಡ್‌ನ ಕಲ್ಲನ್ನು 1863ರಲ್ಲಿ ಅವನು ಒಡೆದು ಹೆಸರಾದ. 1873ರ ಜನವರಿಯಲ್ಲಿ ದೇಶಭ್ರಷ್ಟನಾಗಿ ಇಂಗ್ಲೆಂಡಿನಲ್ಲಿದ್ದ ಮೂರನೆಯ ನೆಪೋಲಿಯನ್‌ನ ಕಲ್ಲನ್ನು ಎರಡು ಬಾರಿ ಒಡೆದ. ಮೂರನೆಯ ಸರದಿ ನಡೆಯಬೇಕಿದ್ದ ದಿನ, 9ರಂದು, ರೋಗಿ ತೀರಿಕೊಂಡ. ಉಳಿದ ಚೂರುಗಳ ಬಗ್ಗೆ ಸುಶ್ರುತನ ಆತಂಕ ಇನ್ನೂ ಬಗೆಹರಿದಿರಲಿಲ್ಲ. ಅದನ್ನು ಬಗೆಹರಿಸಿದ್ದು 1878ರಲ್ಲಿ ಬೋಸ್ಟನ್ನಿನ ಬಿಗೆಲೋ: ಅರಿವಳಿಕೆ ಕೊಟ್ಟು, ಒಂದೇ ಸರದಿಯಲ್ಲಿ ಪೂರ್ತಿ ಪುಡಿಮಾಡಿ, ಅಗಲ ಕೊಳವೆ ಮತ್ತು ರಬ್ಬರ್ ಬುರುಡೆಯಿಂದ ಪುಡಿಯನ್ನು ಹೀರಿ ತೆಗೆಯುವುದು. ಕಲ್ಲಿನ ರೋಗಿಗಳು ಯಥೇಚ್ಛವಾಗಿದ್ದ ಭಾರತದಲ್ಲಿ ಇದು ಬೇಗ ಬೇರೂರಿತು. ವಾಯವ್ಯ ಪ್ರಾಂತ್ಯದಲ್ಲಿ ಶಸ್ತ್ರವೈದ್ಯ ಫ್ರೇಯರ್, ಇಂದೋರಿನಲ್ಲಿ ಶಸ್ತ್ರವೈದ್ಯ ಕೀಗನ್ ಇದನ್ನು ನಿತ್ಯದ ಚಿಕಿತ್ಸೆಯಾಗಿಸಿದರು. ಚಿಕ್ಕ ಹುಡುಗರ ಕಿರಿದಾದ ನಾಳದಲ್ಲಿ ಇದು ಆಗದು ಎಂಬ ಮಾತನ್ನು ಸಣ್ಣ ಗಾತ್ರದ ಉಪಕರಣಗಳಿಂದ ಕೀಗನ್ ಸುಳ್ಳು ಮಾಡಿದ.

ಬಿಲ್ಲಿನಿಂದ ಸುತ್ತುತ್ತಿದ್ದ ಕೊರಕ ಈಗ ಬೇರೊಂದು ಕೊಳವೆಯಲ್ಲಿದೆ, ಬೇರೊಂದು ಬಲದಿಂದ ತಿರುಗುತ್ತದೆ. ಹೃದಯದ ರಕ್ತನಾಳದಲ್ಲಿ ಸುಣ್ಣಗಟ್ಟಿದ ಪದರವನ್ನು ಸವೆಸುವ ವಜ್ರದ ಹರಳುಗಳ ತಲೆ ನಿಮಿಷಕ್ಕೆ ಒಂದೂವರೆ ಲಕ್ಷದ ಆಸುಪಾಸು ಸುತ್ತುತ್ತದೆ. ಅಲ್ಲಿಯವರೆಗೆ ದಾರಿ ತೋರಿಸುವ ಕೂದಲೆಳೆಯಂಥ ತಂತಿಯನ್ನು ವೈದ್ಯರು ತಿರುವುವುದು ಇಂದಿಗೂ ಬೆರಳಿನಿಂದಲೇ, ತಂತಿಗೆ ಸಿಕ್ಕಿಸಿದ ಒಂದು ಪುಟ್ಟ ಪ್ಲಾಸ್ಟಿಕ್ ಹಿಡಿಯ ಸಹಾಯದಿಂದ. ಯಂತ್ರ ಚಾಲೂ ಆದಾಗ ಹೊರತುದಿಯಲ್ಲಿ ಅಂಥದೇ ಒಂದು ಹಿಡಿಯನ್ನು ತಂತಿಗೆ ಬಿಗಿಯುತ್ತಾರೆ. ತಲೆ ಎಷ್ಟೇ ಜೋರಾಗಿ ಸುತ್ತಲಿ, ಅದರ ಜೊತೆ ತಂತಿ ಸುತ್ತಬಾರದು.