ಕಾಂಡಕೋಶ ಕಸಿಗೆ ಮುನ್ನ: ಮೈಲೋಮಾ ರೋಗಿಯ ಮೊದಲ ತಿಂಗಳುಗಳು

ಮಲ್ಟಿಪಲ್ ಮೈಲೋಮಾ ಎಂದರೆ ಎಲುಬಿನ ಮಜ್ಜೆಯಲ್ಲಿರುವ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್. ಬೆನ್ನುನೋವು, ರಕ್ತಹೀನತೆ, ಮೂತ್ರಪಿಂಡದ ತೊಂದರೆ ಎಂದು ಬೇರೆ ಕಾಯಿಲೆಯ ವೇಷದಲ್ಲಿ ಬರುವುದರಿಂದ ಪತ್ತೆಯಾಗುವುದೇ ತಡ. ವೈದ್ಯರು ‘ಕಸಿ’ ಎಂದೊಡನೆ ಮನೆಯವರು ದಾನಿಯನ್ನು ಹುಡುಕತೊಡಗುತ್ತಾರೆ. ಈ ರೋಗದಲ್ಲಿ ಸಾಮಾನ್ಯವಾಗಿ ಅದು ಬೇಕಿಲ್ಲ. ರೋಗಿಯ ಸ್ವಂತ ಕಾಂಡಕೋಶಗಳನ್ನೇ ತೆಗೆದಿಟ್ಟು, ಮೆಲ್ಫಲಾನ್ ಎಂಬ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು, ಬಳಿಕ ಆ ಕೋಶಗಳನ್ನು ಮರಳಿಸುತ್ತಾರೆ.

ಅದಕ್ಕೆ ಮೊದಲಿನ ಚಿಕಿತ್ಸೆಗೆ ಇಂಡಕ್ಷನ್ ಎಂದು ಹೆಸರು. ಇದು ಸರದಿಗಾಗಿ ಕಾಯುವ ಕಾಲವಲ್ಲ. ರೋಗದ ಹೊರೆ ಇಳಿಯುವುದು ಇಲ್ಲಿಯೇ. ಬೋರ್ಟೆಜೊಮಿಬ್ ಚುಚ್ಚುಮದ್ದು, ಲೆನಾಲಿಡೊಮೈಡ್ ಮತ್ತು ಡೆಕ್ಸಾಮೆಥಾಸೋನ್ ಮಾತ್ರೆ, ಈ ಮೂರರ ಜೋಡಣೆ ಹೆಚ್ಚು ಬಳಕೆಯಲ್ಲಿದೆ. ಅನುಕೂಲವಿದ್ದಲ್ಲಿ ನಾಲ್ಕನೆಯದಾಗಿ ಡಾರಾಟುಮುಮಾಬ್ ಸೇರುತ್ತದೆ. ಮೂತ್ರಪಿಂಡ ಸೋತಿದ್ದರೆ ಲೆನಾಲಿಡೊಮೈಡ್ ಬದಲು ಸೈಕ್ಲೊಫಾಸ್ಫಮೈಡ್ ಕೊಡುವುದುಂಟು. ಮೂರು ನಾಲ್ಕು ವಾರಕ್ಕೊಂದು ಸುತ್ತಿನಂತೆ ಸಾಮಾನ್ಯವಾಗಿ ನಾಲ್ಕರಿಂದ ಆರು ಸುತ್ತು.

ನಮ್ಮ ಊರುಗಳವರು ಎಡವುವುದು ಇಲ್ಲಿಯೇ ಎಂದು ನಮಗೆ ಅನಿಸುತ್ತದೆ. ಹೊಸೂರಿನವರಿಗೆ ಬೆಂಗಳೂರು, ಕಾಸರಗೋಡಿನವರಿಗೆ ಮಂಗಳೂರು ಇಲ್ಲವೇ ತಲಶ್ಶೇರಿ, ಸೊಲ್ಲಾಪುರದವರಿಗೆ ಪುಣೆ, ಮುಂಬಯಿ. ದೂರವೆಂದು ಚಿಕಿತ್ಸೆಯನ್ನು ಹತ್ತಿರದಲ್ಲೇ ಆರಂಭಿಸುವುದು ತಪ್ಪಲ್ಲ. ಆದರೆ ಕಸಿ ಮಾಡುವ ವೈದ್ಯರನ್ನು ಮೊದಲ ಸುತ್ತಿನಲ್ಲೇ ಒಮ್ಮೆ ಕಾಣಬೇಕು. ಮೆಲ್ಫಲಾನ್ ಮಾತ್ರೆಯನ್ನು ಮೊದಲೇ ನುಂಗಿದ್ದರೆ, ಅಥವಾ ಲೆನಾಲಿಡೊಮೈಡನ್ನು ಬಹುಕಾಲ ತೆಗೆದುಕೊಂಡಿದ್ದರೆ, ಮುಂದೆ ಕಾಂಡಕೋಶಗಳು ಸಾಕಷ್ಟು ಸಿಗದೆ ಹೋಗಬಹುದು. ಒಂದು ಕಸಿಗೆ ದೇಹತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಕೋಶ ಬೇಕು. ಸಂಗ್ರಹಕ್ಕೆ ಮುನ್ನ ನಾಲ್ಕೈದು ದಿನ ಫಿಲ್ಗ್ರಾಸ್ಟಿಮ್ ಚುಚ್ಚುತ್ತಾರೆ, ಸಾಲದಿದ್ದರೆ ಪ್ಲೆರಿಕ್ಸಾಫರ್ ಸೇರಿಸುತ್ತಾರೆ. ಇದು ದುಬಾರಿ ಮದ್ದು, ಖರ್ಚಿನ ಲೆಕ್ಕದಲ್ಲಿ ಮೊದಲೇ ಕೇಳಿಕೊಳ್ಳಿ.

ಮನೆಯವರು ಗಮನಿಸಬೇಕಾದವು ಕೆಲವಿವೆ. ಬೋರ್ಟೆಜೊಮಿಬ್‌ನಿಂದ ಪಾದ ಜುಮುಗುಟ್ಟಿ ಉರಿಯತೊಡಗಿದರೆ ‘ಸಕ್ಕರೆ ಕಾಯಿಲೆ ಇರಬೇಕು’ ಎಂದು ಸುಮ್ಮನಾಗದೆ ಮುಂದಿನ ಚುಚ್ಚುಮದ್ದಿಗೆ ಮುಂಚೆ ಹೇಳಿ. ಪ್ರಮಾಣ ತಗ್ಗಿಸಿದರೆ ನರಗಳು ಉಳಿಯುತ್ತವೆ. ಅದೇ ಮದ್ದಿನಿಂದ ಸರ್ಪಸುತ್ತು ಏಳಬಹುದಾದ್ದರಿಂದ ಅಸೈಕ್ಲೊವಿರ್ ಮಾತ್ರೆ ಕೊಡುತ್ತಾರೆ, ತಪ್ಪಿಸಬೇಡಿ. ಲೆನಾಲಿಡೊಮೈಡ್ ರಕ್ತ ಹೆಪ್ಪುಗಟ್ಟಿಸಬಹುದು: ಒಂದೇ ಕಾಲು ಊದಿದರೆ ಅಂದೇ ಆಸ್ಪತ್ರೆಗೆ ಹೋಗಿ. ಡೆಕ್ಸಾಮೆಥಾಸೋನ್ ರಾತ್ರಿಯ ನಿದ್ದೆ ಕೆಡಿಸುತ್ತದೆ, ಸಕ್ಕರೆ ಏರಿಸುತ್ತದೆ. ಬೆಳಿಗ್ಗೆ ತಿಂಡಿಯ ನಂತರ ನುಂಗುವುದು ವಾಸಿ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ಔಷಧಿ ಅಂಗಡಿಯಿಂದ ತಂದು ನುಂಗುವುದಂತೂ ಬೇಡವೇ ಬೇಡ, ಈ ರೋಗದಲ್ಲಿ ಮೂತ್ರಪಿಂಡಕ್ಕೆ ಅದು ದೊಡ್ಡ ಪೆಟ್ಟು. ಎಲುಬಿಗೆಂದು ಜೋಲೆಡ್ರೋನಿಕ್ ಆಸಿಡ್ ಕೊಡುವ ಮುನ್ನ ಹಲ್ಲಿನ ವೈದ್ಯರನ್ನು ಕಂಡು, ಕೀಳಬೇಕಾದ ಹಲ್ಲಿದ್ದರೆ ಕೀಳಿಸಿಬಿಡಿ.

ಯಾವ ಮದ್ದು, ಎಷ್ಟು, ಯಾವ ದಿನಾಂಕ ಎಂದು ಒಂದೇ ನೋಟುಪುಸ್ತಕದಲ್ಲಿ ಬರೆದಿಡಿ. ಮರಾಠಿ, ಮಲಯಾಳ, ತಮಿಳಿನ ಚೀಟಿಗಳನ್ನು ಇನ್ನೊಂದು ರಾಜ್ಯದಲ್ಲಿ ಬಿಡಿಸಿ ಓದುವುದು ಕಷ್ಟ. ಒಂದು ರಾಜ್ಯದ ಆರೋಗ್ಯ ಕಾರ್ಡು ಗಡಿಯಾಚೆಯ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ಫೋನು ಮಾಡಿ ಕೇಳಿಕೊಳ್ಳಿ.