ಬೀಜಲಕ್ಷಣ ಮತ್ತು ಹೂಗಿಡಗಳ ವರ್ಗೀಕರಣ: ರಾಯದುರ್ಗ–ಮಡಕಶಿರ ಸೀಮೆಯ ನಿದರ್ಶನಗಳು

ಬೀಜದ ಗಾತ್ರ, ಆಕಾರ, ಸಿಪ್ಪೆಯ ಮೇಲ್ಮೈ, ಕಾಯಿಗೆ ಅಂಟಿಕೊಂಡಿದ್ದ ನಾಭಿ, ಒಳಗಿನ ಭ್ರೂಣ, ಇವೆಲ್ಲ ಹೂಗಿಡಗಳ ಪ್ರಭೇದಗಳನ್ನು ಬೇರ್ಪಡಿಸಲು ನೆರವಾಗುವ ಲಕ್ಷಣಗಳು. ಎಲೆಯ ಅಳತೆ ಮಳೆ, ಮಣ್ಣಿಗೆ ತಕ್ಕಂತೆ ಏರಿಳಿಯುತ್ತದೆ. ಬೀಜದ ರಚನೆ ಅಷ್ಟು ಸುಲಭವಾಗಿ ಬದಲಾಗದು. ಆಂಧ್ರಪ್ರದೇಶದ ರಾಯದುರ್ಗ, ಮಡಕಶಿರದಂಥ ಒಣಸೀಮೆಯಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಇಲ್ಲಿನ ಅನೇಕ ಸಣ್ಣ ಗಿಡಗಳು ಮಳೆಯ ಬೆನ್ನಿಗೇ ಹುಟ್ಟಿ, ಹೂತು, ಒಣಗುತ್ತವೆ. ವರ್ಷದ ಬಹುಭಾಗ ಅವು ಮಣ್ಣಿನಲ್ಲಿ ಬೀಜವಾಗಿಯೇ ಇರುತ್ತವೆ.

ಈ ಅಧ್ಯಯನಕ್ಕೆ ಬುನಾದಿ ಹಾಕಿದ್ದು ಜರ್ಮನಿಯ ಯೋಸೆಫ್ ಗಾರ್ಟ್ನರ್ 1788ರಿಂದ ಪ್ರಕಟಿಸಿದ ಹಣ್ಣು–ಬೀಜಗಳ ಗ್ರಂಥ. 1946ರಲ್ಲಿ ಅಮೆರಿಕದ ಎ.ಸಿ. ಮಾರ್ಟಿನ್ 1287 ಕುಲಗಳ ಬೀಜಗಳನ್ನು ಸೀಳಿ ನೋಡಿ, ಭ್ರೂಣದ ಗಾತ್ರ ಮತ್ತು ಸ್ಥಾನದ ಮೇಲೆ 12 ಬಗೆಗಳನ್ನು ಗುರುತಿಸಿದರು. ಇ.ಜೆ.ಎಚ್. ಕಾರ್ನರ್ 1976ರಲ್ಲಿ ಸಿಪ್ಪೆಯ ಪದರಗಳನ್ನೇ ಕುಟುಂಬಗಳ ನಂಟಿಗೆ ಆಧಾರವಾಗಿಸಿದರು.

ಕಾರ್ನರ್ ಅವರ ಈ ಕೆಲಸದ ಹಿಂದೆ ಭಾರತೀಯ ಭ್ರೂಣವಿಜ್ಞಾನಿಗಳ ದಶಕಗಳ ದುಡಿಮೆ ಇದೆ. ಅದಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಪೂರ್ತಿ ಸಂದಿಲ್ಲ. ದೆಹಲಿಯಲ್ಲಿ ಪಂಚಾನನ ಮಾಹೇಶ್ವರಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎಲ್. ನಾರಾಯಣ ರಾವ್ ಈ ಪರಂಪರೆಯನ್ನು ಕಟ್ಟಿದರು. ಕನ್ನಡಿಗರು ‘ಹಸುರು ಹೊನ್ನು’ವಿನ ಲೇಖಕರೆಂದು ಬಲ್ಲ ಬಿ.ಜಿ.ಎಲ್. ಸ್ವಾಮಿ ಆರ್ಕಿಡ್‌ಗಳ ಭ್ರೂಣಬೆಳವಣಿಗೆಯ ಅಧ್ಯಯನವನ್ನು 1949ರಲ್ಲಿ ಪ್ರಕಟಿಸಿದರು. ಸೇವಂತಿಗೆ ಕುಟುಂಬದ ಭ್ರೂಣವಿಜ್ಞಾನದಲ್ಲಿ ಪಳಗಿದ ಟಿ. ಪುಲ್ಲಯ್ಯ ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿದ್ದು, ಎನ್. ಯಶೋದಾ ಅವರೊಂದಿಗೆ 1989ರಲ್ಲಿ ಆಗ ರಾಯದುರ್ಗ, ಮಡಕಶಿರಗಳೂ ಸೇರಿದ್ದ ಆ ಜಿಲ್ಲೆಯ ಸಸ್ಯಸಂಪತ್ತನ್ನು ದಾಖಲಿಸಿದರು.

ಬೀಜಲಕ್ಷಣದ ಬಲ ಕಾಣುವುದು ಹತ್ತಿರದ ನಂಟಿನ ಗಿಡಗಳಲ್ಲಿ. ಲಿನೇಯಸ್ 1753ರಲ್ಲೇ ಬೇರೆಬೇರೆಯಾಗಿ ಹೆಸರಿಸಿದ ತಗಚೆ, ಅಂದರೆ ಸೆನ್ನಾ ಟೋರಾ, ಮತ್ತು ಸೆನ್ನಾ ಒಬ್ಟುಸಿಫೋಲಿಯಾಗಳನ್ನು ಮುಂದೆ ಅನೇಕರು ಒಂದೇ ಎಂದು ಎಣಿಸಿದರು. ಬೀಜದ ಮಗ್ಗುಲಲ್ಲಿರುವ ಪಟ್ಟೆ ಟೋರಾದಲ್ಲಿ 1.5–2 ಮಿ.ಮೀ. ಅಗಲ, ಒಬ್ಟುಸಿಫೋಲಿಯಾದಲ್ಲಿ 0.3–0.5 ಮಿ.ಮೀ. ಮಾತ್ರ. ಕೆರೆಯಂಗಳ ಒಣಗಿದಾಗ ಹಬ್ಬುವ ಗ್ಲೈನಸ್‌ನ ಬೀಜಕ್ಕೆ ದಾರದಂಥ ತೊಟ್ಟೂ ಬಿಳಿಯ ಉಪಾಂಗವೂ ಇವೆ. ಅದರ ಬಂಧು ಮೊಲ್ಲುಗೋದ ಬೀಜದಲ್ಲಿ ಆ ಉಪಾಂಗವಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ಮೇಲ್ಮೈಯ ಗುಬುಟುಗಳೂ ಲೆಕ್ಕಕ್ಕೆ ಬಂದವು. ದೊಡ್ಡ ಗೋಣಿಸೊಪ್ಪಿನ ಒಳಭೇದಗಳನ್ನು ಡಾನಿನ್ ಮತ್ತು ಸಂಗಡಿಗರು 1978ರಲ್ಲಿ ಬೀಜದ ಗಾತ್ರ, ಗುಬುಟು, ಕ್ರೋಮೋಸೋಮುಗಳನ್ನು ಒಟ್ಟಿಗಿಟ್ಟು ವಿಂಗಡಿಸಿದರು.

ಪುರಾತತ್ತ್ವಕ್ಕೂ ಇದೇ ವಿದ್ಯೆ ಒದಗಿತು. ರಾಯದುರ್ಗಕ್ಕೆ ನೆರೆಯಾದ ಬಳ್ಳಾರಿ ಸೀಮೆಯ ಸಂಗನಕಲ್ಲು, ತೆಕ್ಕಲಕೋಟೆಗಳ ನವಶಿಲಾಯುಗದ ನೆಲೆಗಳಲ್ಲಿ ದೊರೆತ ಕರಕಾದ ಕಾಳುಗಳನ್ನು ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮೊದಲಾದವರು ಅಭ್ಯಸಿಸಿ, ಹುರುಳಿ, ಹೆಸರು, ಕೊರಲೆಗಳು ಅಂದಿನ ಮುಖ್ಯ ಆಹಾರದಲ್ಲಿದ್ದವೆಂದು ತೋರಿಸಿದರು. ಸುಟ್ಟ ಕಾಳಿನ ಸಿಪ್ಪೆ ಉದುರಿಹೋಗಿದ್ದರೂ ಬೇಳೆಯ ಒಳಮೈಯ ಮೊಳಕೆಯ ಗುರುತು ಉಳಿಯುತ್ತದೆ: ಹೆಸರಿನಲ್ಲಿ ಅದು ಉದ್ದ, ಉದ್ದಿನಲ್ಲಿ ಗಿಡ್ಡ. ಕೊರಲೆಯನ್ನು ಅನಂತಪುರ, ತುಮಕೂರು ಗಡಿಯ ರೈತರು ಇಂದಿಗೂ ಬೆಳೆಯುತ್ತಾರೆ.

1998ರಲ್ಲಿ ಹೂಗಿಡಗಳ ಡಿಎನ್‌ಎ ಆಧಾರಿತ ಎಪಿಜಿ (ಆಂಜಿಯೋಸ್ಪರ್ಮ್ ಫೈಲಾಜೆನಿ ಗ್ರೂಪ್) ವರ್ಗೀಕರಣ ಪ್ರಕಟವಾದ ಮೇಲೆ ಬೀಜಲಕ್ಷಣ ಹಳೆಯದಾಯಿತೆಂಬ ಭಾವನೆ ಹರಡಿದೆ. ಇದು ತಪ್ಪು ತಿಳಿವಳಿಕೆ. ಡಿಎನ್‌ಎ ಕುಟುಂಬಗಳ ನಂಟನ್ನು ತಿಳಿಸುತ್ತದೆ. ಹೊಲದ ಮಣ್ಣಿನಲ್ಲಿ, ಬಿತ್ತನೆಕಾಳಿನಲ್ಲಿ, ನವಶಿಲಾಯುಗದ ಬೂದಿದಿಬ್ಬದಲ್ಲಿ ಸಿಕ್ಕ ಬೀಜವನ್ನು ಕಣ್ಣಳತೆಯಲ್ಲೇ ಹೆಸರಿಸಲು ಬೀಜದ ಲಕ್ಷಣವೇ ಬೇಕು.

ಕೊರತೆ ಇರುವುದು ಸಂಗ್ರಹದ ರೂಢಿಯಲ್ಲಿ. 1915–36ರ ಗ್ಯಾಂಬಲ್ ಅವರ ಮದ್ರಾಸ್ ಪ್ರಾಂತದ ಸಸ್ಯಗ್ರಂಥದಿಂದ ಮೊದಲ್ಗೊಂಡು ಹೂವಿನ ವಿವರಣೆಗೇ ಆದ್ಯತೆ ದೊರೆತಿದೆ. ಹೂವಿರುವಾಗ ಕಿತ್ತು ಒತ್ತಿಟ್ಟ ಗಿಡದಲ್ಲಿ ಬಲಿತ ಬೀಜ ಇರುವುದಿಲ್ಲ. ಅದೇ ಗಿಡದ ಬೀಜವನ್ನು ಕಾಯಿ ಮಾಗಿದಾಗ ಮತ್ತೆ ಹೋಗಿ ತಂದು, ಅದೇ ಹಾಳೆಗೆ ಲಗತ್ತಿಸಿ, ಅಳತೆ ಬರೆದಿಡಬೇಕು. ಗೋಣಿಸೊಪ್ಪಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕಾದೀತು. ತಗಚೆಗೆ, ಗ್ಲೈನಸ್‌ಗೆ ಕೈಮಸೂರ ಸಾಕು.