ಸ್ಪೋರ್ಟ್ಸ್ ಬೈಕ್ ಇನ್ಶೂರೆನ್ಸ್: ದುಡ್ಡು ಉಳಿಯೋದು ಎಲ್ಲಿ, ಕೈ ಸುಡೋದು ಎಲ್ಲಿ?

ಕೆಜಿಎಫ್: ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಬಂಗಾರಪೇಟೆ ಕಡೆ ಸ್ಪೋರ್ಟ್ಸ್ ಬೈಕ್ ಇಟ್ಟುಕೊಂಡವರಿಗೆ ಇನ್ಶೂರೆನ್ಸ್ ಕಟ್ಟುವ ತಿಂಗಳು ಬಂದರೆ ತಲೆನೋವು. ಯಾರ ಹತ್ರ ಕಮ್ಮಿಗೆ ಸಿಗುತ್ತೆ ಅಂತ ಹುಡುಕುವ ಮೊದಲು ಒಂದು ವಿಷಯ ಗೊತ್ತಿರಬೇಕು. ಪ್ರೀಮಿಯಂನಲ್ಲಿ ಎರಡು ಭಾಗ ಇದೆ. ಥರ್ಡ್ ಪಾರ್ಟಿ ಭಾಗದ ದರ ಸರ್ಕಾರ ನಿಗದಿ ಮಾಡಿದ್ದು, ಯಾವ ಕಂಪನಿಗೆ ಹೋದರೂ ಒಂದೇ. ಸ್ವಂತ ಗಾಡಿಯ ಹಾನಿ, ಕಳ್ಳತನಕ್ಕೆ ಕಟ್ಟುವ ಓನ್ ಡ್ಯಾಮೇಜ್ ಭಾಗದಲ್ಲಿ ಮಾತ್ರ ಹೆಚ್ಚು ಕಮ್ಮಿ ಇರುತ್ತೆ.

ಥರ್ಡ್ ಪಾರ್ಟಿ ದರ ಎಷ್ಟು?

2022ರ ಜೂನ್ 1ರಿಂದ ಜಾರಿಗೆ ಬಂದ ಒಂದು ವರ್ಷದ ದರ ಹೀಗಿದೆ (ಜಿಎಸ್‌ಟಿ ಬೇರೆ):
- 75 ಸಿಸಿವರೆಗೆ: 538 ರೂ.
- 75ರಿಂದ 150 ಸಿಸಿ: 714 ರೂ.
- 150ರಿಂದ 350 ಸಿಸಿ: 1,366 ರೂ.
- 350 ಸಿಸಿ ಮೇಲೆ: 2,804 ರೂ.

ಹಳೆಯ ಯಮಹಾ ಆರ್15 ಗಾಡಿ 150 ಸಿಸಿ ಒಳಗೆ ಬರುತ್ತೆ, ನಂತರ ಬಂದದ್ದು 155 ಸಿಸಿ. ಐದು ಸಿಸಿ ವ್ಯತ್ಯಾಸಕ್ಕೆ ದರ ಹತ್ತಿರ ಹತ್ತಿರ ಡಬಲ್. ಕೆಟಿಎಂ ಆರ್‌ಸಿ 390 ಅಂತೂ ಕೊನೆಯ ಸ್ಲ್ಯಾಬಿಗೇ ಹೋಗುತ್ತೆ. ಬೈಕ್ ಕೊಳ್ಳುವಾಗಲೇ ಇದನ್ನು ಲೆಕ್ಕ ಹಾಕಿಕೊಳ್ಳಬೇಕು. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೆ ಕಟ್ಟಬೇಕು. 2018ರ ಸೆಪ್ಟೆಂಬರ್‌ನಿಂದ ಇದು ಕಡ್ಡಾಯ.

ಉಳಿಸುವ ದಾರಿ

ನೋ ಕ್ಲೇಮ್ ಬೋನಸ್: ಕ್ಲೇಮ್ ಮಾಡದೆ ಇದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಮೊದಲ ವರ್ಷಕ್ಕೆ ಶೇ 20, ಆಮೇಲೆ 25, 35, 45, ಐದನೇ ವರ್ಷಕ್ಕೆ ಶೇ 50 ರಿಯಾಯಿತಿ. ಬೋನಸ್ ಮಾಲೀಕನದು, ಗಾಡಿಯದಲ್ಲ. ಬೈಕ್ ಮಾರಿ ಹೊಸದು ತಗೊಂಡರೂ ಅದನ್ನು ಹೊಸ ಪಾಲಿಸಿಗೆ ತರಬಹುದು. ಸಣ್ಣ ಗೀರಿಗೆಲ್ಲ ಕ್ಲೇಮ್ ಹಾಕಿದರೆ ಇದು ಸೊನ್ನೆ ಆಗುತ್ತೆ.

ಅಪಘಾತ ಕವರ್: ಮಾಲೀಕ-ಸವಾರನಿಗೆ 15 ಲಕ್ಷ ರೂ. ವೈಯಕ್ತಿಕ ಅಪಘಾತ ವಿಮೆ ಇರಲೇಬೇಕು. ಇನ್ನೊಂದು ಗಾಡಿಯ ಮೇಲೆ ಈಗಾಗಲೇ ಇದ್ದರೆ ಮತ್ತೆ ಕಟ್ಟಬೇಕಿಲ್ಲ, ಏಜೆಂಟರಿಗೆ ಹೇಳಿ ತೆಗೆಸಬಹುದು.

ನೋಂದಣಿ ಊರು: ಓನ್ ಡ್ಯಾಮೇಜ್ ಲೆಕ್ಕದಲ್ಲಿ ಬೆಂಗಳೂರು ದುಬಾರಿ ವಲಯ. ಕೆಜಿಎಫ್‌ನ ಕೆಎ-08 ಅದಕ್ಕಿಂತ ಕಮ್ಮಿ ದರದ ವಲಯಕ್ಕೆ ಸೇರುತ್ತೆ.

ಹಳೇ ಬೈಕ್: ಬೆಲೆ ತುಂಬಾ ಇಳಿದಿದ್ದು, ಸಾಲವೂ ಇಲ್ಲದಿದ್ದರೆ ಬರೀ ಥರ್ಡ್ ಪಾರ್ಟಿ ಸಾಕು ಅಂತ ನಿರ್ಧರಿಸಬಹುದು.

ಇಲ್ಲಿ ಉಳಿಸಲು ಹೋಗಬೇಡಿ

ಐಡಿವಿ, ಅಂದರೆ ವಿಮೆಯಲ್ಲಿ ಗಾಡಿಗೆ ಕಟ್ಟಿದ ಬೆಲೆ, ಇಳಿಸಿದರೆ ಪ್ರೀಮಿಯಂ ಇಳಿಯುತ್ತೆ. ಆದರೆ ಬೈಕ್ ಕಳವಾದರೆ ಕೈಗೆ ಬರುವುದೂ ಅಷ್ಟೇ. ಸ್ಪೋರ್ಟ್ಸ್ ಬೈಕ್ ಮೈತುಂಬಾ ಪ್ಲಾಸ್ಟಿಕ್. ಝೀರೋ ಡೆಪ್ ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧ ಕಡಿತ ಆಗುತ್ತೆ. ಹೊಸ ಬೈಕಿಗೆ ಆ ಹೆಚ್ಚುವರಿ ಕವರ್ ಬಿಡದಿರುವುದೇ ಒಳ್ಳೇದು.

ಲೈಸೆನ್ಸ್ ಇಲ್ಲದ ಹುಡುಗರ ಕೈಗೆ ಬೈಕ್ ಕೊಟ್ಟರೆ, ರೇಸ್‌ಗೆ ಬಳಸಿದರೆ ಸ್ವಂತ ಗಾಡಿಯ ಕ್ಲೇಮ್ ನಿಲ್ಲಲ್ಲ. ಕಂಪನಿಗೆ ತಿಳಿಸದೆ ಮಾಡಿಸಿದ ಬದಲಾವಣೆಯೂ ತಕರಾರಿಗೆ ದಾರಿ.

ಸೆಕೆಂಡ್ ಹ್ಯಾಂಡ್ ತಗೊಂಡವರು

ಆರ್‌ಸಿ ಜೊತೆಗೆ ಪಾಲಿಸಿಯನ್ನೂ 14 ದಿನದೊಳಗೆ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಬೇಕು. ಥರ್ಡ್ ಪಾರ್ಟಿ ರಕ್ಷಣೆ ಹೊಸ ಮಾಲೀಕನಿಗೆ ತಾನಾಗೇ ಮುಂದುವರಿಯುತ್ತೆ, ಓನ್ ಡ್ಯಾಮೇಜ್ ಹಾಗಲ್ಲ. ಹಳೇ ಮಾಲೀಕನ ಬೋನಸ್ ಕೂಡ ಸಿಗಲ್ಲ.

ಇನ್ಶೂರೆನ್ಸೇ ಇಲ್ಲದಿದ್ದರೆ?

ಮೊದಲ ಸಲ ಸಿಕ್ಕಿಬಿದ್ದರೆ 2,000 ರೂ. ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಸಿಕ್ಕಿದರೆ ದಂಡ 4,000 ರೂ. ಆದರೆ ದೊಡ್ಡ ಹೊಡೆತ ದಂಡವಲ್ಲ. ಬೈಕ್ ಯಾರಿಗಾದರೂ ಗುದ್ದಿ ಸಾವು-ನೋವಾದರೆ ನ್ಯಾಯಮಂಡಳಿ ಹೇಳುವ ಪರಿಹಾರವನ್ನು ಮಾಲೀಕನೇ ಕೈಯಿಂದ ಕಟ್ಟಬೇಕು. ಮನೆ, ಅಂಗಡಿ ಮೇಲೇ ಬರಬಹುದು.

ನಿಗದಿತ ದರಕ್ಕಿಂತ ಕಮ್ಮಿಗೆ ಥರ್ಡ್ ಪಾರ್ಟಿ ಕೊಡ್ತೀವಿ ಅಂದರೆ ಅನುಮಾನ ಪಡಬೇಕು. ಹಣ ಕಟ್ಟಿದ ಮೇಲೆ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿಕೊಳ್ಳಿ. ಕಂಪನಿ ಸ್ಪಂದಿಸದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಉಚಿತ ಸಂಖ್ಯೆ 155255ಕ್ಕೆ ದೂರು ಕೊಡಬಹುದು. ಅವಧಿ ಮುಗಿದು 90 ದಿನ ದಾಟಿದರೆ ಕೂಡಿಟ್ಟ ಬೋನಸ್ ಹೋಗುತ್ತೆ. ಪಾಲಿಸಿಯ ಕೊನೆ ದಿನಾಂಕವನ್ನು ಇವತ್ತೇ ಒಮ್ಮೆ ನೋಡಿಕೊಳ್ಳಿ.